ಬರುತ್ತೆ, ಆದರೆ ಆಗಲ್ಲ

ಬೀದಿಯವರಿಗೆಲ್ಲ ಅವಳು ನರ್ಸಕ್ಕ. ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ವರ್ಷಗಟ್ಟಲೆ ಭಾರದ ರೋಗಿಗಳನ್ನು ಎತ್ತಿ, ಹೊರಳಿಸಿ ಅವಳ ಸೊಂಟ ಹಿಡಿದುಹೋಗಿತ್ತು. ಕಷ್ಟದ ಕೆಲಸ ಯಾವುದು ಬಂದರೂ ದೊಡ್ಡ ಡಾಕ್ಟರು, "ಅವಳಿಗೆ ಕೊಡಿ, ಕೇಪಬಲ್" ಅನ್ನುತ್ತಿದ್ದರು. ಮೊದಮೊದಲು ಆ ಮಾತಿಗೆ ಉಬ್ಬಿಹೋಗುತ್ತಿದ್ದಳು. ಬರುಬರುತ್ತಾ ಅದು ಕಿವಿಗೆ ಬಿದ್ದರೆ ಮೈಯೆಲ್ಲ ಉರಿಯುತ್ತಿತ್ತು.

ಅಪ್ಪ ಜಾರಿಬಿದ್ದು ಹಾಸಿಗೆ ಹಿಡಿದಾಗ ತಮ್ಮಂದಿರಿಬ್ಬರೂ ಅವರನ್ನು ತಂದು ಅವಳ ಮನೆಯಲ್ಲಿ ಮಲಗಿಸಿದರು.

"ನಮಗೆ ಇದೆಲ್ಲ ಗೊತ್ತಾಗಲ್ಲ ಅಕ್ಕ. ನೀನು ಕೇಪಬಲ್" ಎನ್ನುತ್ತಾ ಚಿಕ್ಕವನು ಚಪ್ಪಲಿ ಮೆಟ್ಟತೊಡಗಿದ.

ನರ್ಸಕ್ಕನಿಗೆ ಪಿತ್ತ ನೆತ್ತಿಗೇರಿತು.

"ಬಿಡೋ ಆ ಚಪ್ಪಲಿ! ನನಗೆ ಮಾಡೋಕೆ ಬರುತ್ತೆ, ಆದ್ರೆ ಆಗಲ್ಲ. ಬರೋದೇ ಬೇರೆ, ಆಗೋದೇ ಬೇರೆ. ಒಂದು ಇಂಗ್ಲಿಷ್ ಮಾತಲ್ಲಿ ಎರಡನ್ನೂ ಸೇರಿಸಿ ನನ್ನ ತಲೆಗೆ ಕಟ್ಟಬೇಡಿ. ನಿಮಗೆ ಆಗುತ್ತೆ, ಬರಲ್ಲ ಅಷ್ಟೆ. ಬನ್ನಿ, ಕಲಿಸ್ತೀನಿ."

"ನಾಳೆ ಬರ್ತೀವಿ..." ದೊಡ್ಡವನು ರಾಗ ಎಳೆದ.

"ಅಪ್ಪ ಒದ್ದೆ ಮಾಡ್ಕೊಂಡಿರೋದು ಈಗ!"

ಅವಳು ಕೈಕಟ್ಟಿ ನಿಂತು ಹೇಳಿಕೊಟ್ಟಳು. ತಮ್ಮಂದಿರು ಮುಖ ಕಿವುಚಿಕೊಂಡೇ ಅಪ್ಪನನ್ನು ಮಗ್ಗುಲಿಗೆ ಹೊರಳಿಸಿ, ಒರೆಸಿ, ಬಟ್ಟೆ ಬದಲಿಸಿದರು. ಅಪ್ಪ ನೋವಿಗೆ "ಅಯ್ಯೋ" ಎಂದಾಗ ಅವಳ ಕೈ ತಾನಾಗಿ ಮುಂದೆ ಹೋಯಿತು. ಹಲ್ಲುಕಚ್ಚಿ ಹಿಂದಕ್ಕೆಳೆದುಕೊಂಡಳು.

ಆಮೇಲೆ ಇಬ್ಬರೂ ಸರದಿಯಂತೆ ಬಂದು ಅಪ್ಪನನ್ನು ನೋಡಿಕೊಂಡರು. ಅಕ್ಕನ ಜೊತೆ ಮಾತ್ರ ಮಾತು ಬಿಟ್ಟರು. ಅವಳೂ ಮಾತಾಡಿಸಲು ಹೋಗಲಿಲ್ಲ. ಸಿಟ್ಟು ಇನ್ನೂ ಇಳಿದಿರಲಿಲ್ಲ.