ಆಡು ಮನಿಗೆ ಬಂತೇನ್ರಿ?

ದೋಸ್ತರ, ಇವತ್ತ ಗುಂಜಿ ಕಡೆ ಒಂದ ಸಾಲ್ಯಾಗ ನಾಕನೇ ಕ್ಲಾಸಿನ ಹುಡುಗಿ ನನಗ ಒಂದ ಪ್ರಶ್ನೆ ಕೇಳಿದ್ಲು.

ನಮ್ಮ ಸಂಶೋಧನಾ ಯೋಜನ್ಯಾಗ ಅರ್ಧ ಸಾಲಿಗಳಿಗೆ ಕತಿ ಪುಸ್ತಕ ಕೊಡ್ತೀವಿ. ಉಳಿದ ಅರ್ಧಕ್ಕ ಬರೇ ಪರೀಕ್ಷಾ, ಹೋಲಿಸಿ ನೋಡಾಕ. ಇದು ಬರೇ ಪರೀಕ್ಷಾದ ಸಾಲಿ. ಓದಸಾಕ ಒಂದ ಹಾಳಿ ಇರತೈತಿ: ಸಾವಕ್ಕನ ಆಡು ಸಂಜೀಕ ಅಡವ್ಯಾಗ ದಾರಿ ತಪ್ಪತೈತಿ. ಅಲ್ಲಿಗೆ ಹಾಳಿ ಮುಗೀತು.

ವರ್ಷದ ಶುರುವಿನ ಪರೀಕ್ಷಾದಾಗ ಅದನ್ನ ಓದಿದ್ದ ಈ ಹುಡುಗಿ, ನಾ ಒಳಗ ಕಾಲಿಟ್ಟಿದ್ದ ತಡ, "ಅಕ್ಕಾರ, ಆಡು ಮನಿಗೆ ಬಂತೇನ್ರಿ?" ಅಂದ್ಲು.

"ಹೇಳಿದ್ರ ಪರೀಕ್ಷಾ ಕೆಡತೈತವಾ" ಅಂದೆ.

ಖರೇ ಅಂದ್ರ ಮುಂದಿನ ಕತಿ ಯಾರೂ ಬರೆದೇ ಇಲ್ಲ. ನಿಮಿಷಕ್ಕ ಎಷ್ಟ ಶಬ್ದ ಓದ್ತಾರ ಅಂತ ಎಣಸಾಕ ಮಾಡಿದ ಹಾಳಿ ಅದು.

"ನನ್ನ ಗೆಳತಿ ಗಂಗಿ, ಆಡನ್ನ ಹುಲಿ ತಿಂತು ಅಂತಾಳ್ರಿ. ನಾ ಬರತೈತಿ ಅಂತೀನಿ."

ಬಾಜೂಕಿದ್ದ ಮಾಸ್ತರು ನಕ್ಕರು: "ವರ್ಷೆಲ್ಲಾ ಇದ ಜಗಳ ನಡದೈತ್ರಿ ಮೇಡಮ್. ಬ್ಯಾರೆ ಕತಿ ಪುಸ್ತಕ ಎಲ್ಲದಾವ ನಮ್ಮಲ್ಲಿ?"

ಇವತ್ತ ಕೊನೀ ಪರೀಕ್ಷಾ. ಮುಗದ ಮ್ಯಾಲ "ಆಡು ಮನಿಗೆ ಬಂತವಾ" ಅಂತ ಹೇಳಿದ್ರ ಏನೂ ಕೆಡತಿರಲಿಲ್ಲ. ಈಗ ಬೆಳಗಾವಿ ರೈಲಿನ್ಯಾಗ ಕುಂತಾಗ ಅದು ಹೊಳೀತು.

ಯೋಜನಿ ಮುಗೀತು. ಆಡು ಇನ್ನೂ ಅಡವ್ಯಾಗ ಐತಿ, ನಾನ ಬಿಟ್ಟ ಬಂದೀನಿ.