ಕಂಬದ ಕಾವಲುಗಾರ

ಏಜಿಯನ್ ಕಡಲಂಚಿನ ಹಾಳು ದೇಗುಲವನ್ನು ಕಾಯುವ ಸ್ಟಮಾಟಿಸ್‌ನ ಬಾಯಿಂದ ಸೀಟಿ ಕೆಳಗಿಳಿಯುವುದು ಕಾಫಿ ಕುಡಿಯುವಾಗ ಮಾತ್ರ. ಮಲಗುವಾಗಲೂ ಕೊರಳಲ್ಲೇ ಇರುತ್ತದೆಂದು ಹೆಂಡತಿಯ ದೂರು. ಕಲ್ಲಿನ ಮೇಲೆ ಹಲ್ಲಿ ಹರಿದರೂ ಊದುತ್ತಾನೆ. ಶಾಲೆಯ ಮಕ್ಕಳು ಬಂದರೆ ಅವನದು ಒಂದೇ ಪಾಠ: "ಅಯೋನಿಕ್ ಅಂದ್ರೆ ನಮ್ಮ ಹಿರೀಕರು ಆಡ್ತಿದ್ದ ಗ್ರೀಕ್ ಭಾಷೆ, ನಿಮ್ಮ ಕೆಮಿಸ್ಟ್ರಿ ಪುಸ್ತಕದಲ್ಲಿರೋ ಪರಮಾಣುಗಳ ನಂಟು, ಆಮೇಲೆ ಈ ನಮೂನೆ ಕಂಬ. ಮೊದಲಿನ ಎರಡನ್ನ ಮುಟ್ಟೋಕಾಗಲ್ಲ, ಮೂರನೇದನ್ನ ಮುಟ್ಟಬಾರದು." ಟಗರಿನ ಕೊಂಬಿನಂತೆ ಸುರುಳಿ ಸುತ್ತಿರುವ, ನೆಲಕ್ಕುರುಳಿದ ಕಂಬದ ತಲೆಯ ಮೇಲೆ ಯಾರಾದರೂ ಕೂತರಂತೂ ಮುಗಿಯಿತು, ಅವನ ಸೀಟಿಗೆ ಬಂದರಿನ ದೋಣಿಗಳೂ ತಿರುಗಿ ನೋಡಬೇಕು. ಆದರೆ ಭಾನುವಾರ ಚರ್ಚು ಮುಗಿಸಿ ಬರುವ ಅವನ ತಾಯಿ ಕಲಿಯೋಪಿ ನೆಟ್ಟಗೆ ಹೋಗಿ ಕೂರುವುದು ಅದರ ಮೇಲೆಯೇ. ಉತ್ಖನನಕ್ಕೆಂದು ಕೆಡವಿದ ಅವಳ ಮನೆ ಇದ್ದದ್ದು ಅಲ್ಲಿ. ಅಂಗಳದಲ್ಲಿ ಅವಳು ಕೂತು ಬೀನ್ಸ್ ಬಿಡಿಸುತ್ತಿದ್ದದ್ದು ಆ ಕಲ್ಲಿನ ಮೇಲೆ. ಪ್ರವಾಸಿಗರೆಲ್ಲ ಕಾವಲುಗಾರನ ಮುಖ ನೋಡುತ್ತಾರೆ. ಸ್ಟಮಾಟಿಸ್ ಸೀಟಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಸಮುದ್ರದ ಕಡೆ ತಿರುಗಿ ನಿಲ್ಲುತ್ತಾನೆ. "ಊದು ಮಗನೇ," ಅನ್ನುತ್ತಾಳೆ ಮುದುಕಿ ಕಾಲು ಚಾಚಿಕೊಳ್ಳುತ್ತ, "ಈಗ ನಾನೂ ಟಿಕೆಟ್ ತಗೊಂಡು ಒಳಗೆ ಬರೋಳೇ ಅಲ್ವಾ."