ಮೂಡಲಗಿಗೆ ಹೋಗದ ಸೈಕಲ್

ನೀಲಾಬಾಯಿ, ಆ ದಿನ ನಾನು ಮೂಡಲಗಿಗೆ ಯಾರನ್ನೂ ಕಳಿಸಲಿಲ್ಲ. ಕಳಿಸಿದ್ದೇನೆ ಎಂದು ನಿಮಗೆ ಹೇಳಿದ್ದು ಸುಳ್ಳು. ಹೋದವನು ತಿರುಗಿ ಬಂದ, ನಿಮ್ಮ ಅವ್ವ ಏನೂ ಅನ್ನಲಿಲ್ಲವಂತೆ ಎಂದು ಸಂಜೆ ಹೇಳಿದ್ದು ಅದಕ್ಕಿಂತ ದೊಡ್ಡ ಸುಳ್ಳು.

ಈ ಮೂರು ಸಾಲನ್ನು ಎಷ್ಟು ಸಲ ಹೊಡೆದು ಬರೆದೆನೋ! ಮತ್ತೊಮ್ಮೆ ಮೊದಲಿನಿಂದ ತೆಗೆಯೋಣ ಎನ್ನುವ ಚಾಳಿ ಈ ವಯಸ್ಸಿಗೂ ಹೋಗಿಲ್ಲ. ಚಂದ ಮಾಡಲು ಹೋದಷ್ಟೂ ಮಾತು ನನ್ನ ಪರವಾಗಿಯೇ ವಾಲುತ್ತಿತ್ತು. ಅದಕ್ಕೇ ಒರಟಾಗಿಯೇ ಬಿಟ್ಟಿದ್ದೇನೆ.

ನನ್ನ ಅಪ್ಪ ಗೋಕಾಕದಲ್ಲಿ ಕಟ್ಟಿಗೆಯ ಆಟಿಕೆ ಹಣ್ಣು ಮಾಡುತ್ತಿದ್ದದ್ದು ನಿಮಗೆ ಗೊತ್ತು. ಬಾಳೆಹಣ್ಣಿನ ಮೇಲೆ ಇಟ್ಟ ಕಪ್ಪು ಚುಕ್ಕೆ ಎಳ್ಳಷ್ಟು ದೊಡ್ಡದಾದರೂ ಸಾಕು, ಮಾಡಿದ ಹಣ್ಣನ್ನು ಒಲೆಗೆ ಹಾಕಿಬಿಡುತ್ತಿದ್ದ. ಅವ್ವ ಬೈದರೆ, "ಗಿರಾಕಿಗೆ ಗುರ್ತ ಸಿಗಾಕಿಲ್ಲ, ಖರೆ. ನನಗ ಗುರ್ತ ಐತೆಲ್ಲ?" ಎನ್ನುತ್ತಿದ್ದ. ಆ ಮಾತನ್ನು ನಾನು ಊರೂರಲ್ಲಿ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದೆ. ನಾಟಕ ಕಂಪನಿಯಲ್ಲಿ ಪರದೆ ಬರೆಯುವಾಗ ಹೇಳಿದೆ, ಕೊಲ್ಹಾಪುರದಲ್ಲಿ ಮೂಕಿಚಿತ್ರ ತೆಗೆಯುವಾಗ ಹೇಳಿದೆ, ಟಾಕಿ ಬಂದ ಮೇಲೂ ಹೇಳಿದೆ. ಸೀರೆಯ ನಿರಿಗೆ ಒಂದು ಹೆಚ್ಚಾಯಿತೆಂದು ಇಡೀ ದಿನದ ಕೆಲಸ ಕೆಡಿಸಿದವನು ನಾನು. ಊಟದ ದೃಶ್ಯದಲ್ಲಿ ನಟನೊಬ್ಬ ಹಸಿದವನ ಹಾಗೆ ತಿನ್ನುತ್ತಿಲ್ಲವೆಂದು ಅವನನ್ನು ಉಪವಾಸ ಕೆಡವಿದವನೂ ನಾನೇ. ಹಣ ಹಾಕಿದವರು ಹಿಂದಿನಿಂದ 'ಹುಚ್ಚ ಮಾಸ್ತರ' ಎನ್ನುತ್ತಿದ್ದರು. ನನಗೆ ಅದೂ ಬಿರುದಿನ ಹಾಗೆ ಕೇಳಿಸುತ್ತಿತ್ತು. ಅಪ್ಪ ಒಲೆಗೆ ಹಾಕಿದ್ದು ಕಟ್ಟಿಗೆಯನ್ನು. ನಾನು —

ಇರಲಿ. ಆ ದಿನದ ಮಾತಿಗೆ ಬರುತ್ತೇನೆ.

ಗೋಕಾಕ ಫಾಲ್ಸ್‌ನಲ್ಲಿ ಬೀಡು ಬಿಟ್ಟು ನಾವೆಲ್ಲ ಬೇಸತ್ತುಹೋಗಿದ್ದೆವು. ನನಗೆ ತುಂಬಿ ಬೀಳುವ ನೀರೂ ಬೇಕಿತ್ತು, ಮುಖದ ಮೇಲೆ ಚೊಕ್ಕ ಬಿಸಿಲೂ ಬೇಕಿತ್ತು. ನೀರು ತುಂಬಿ ಬರುವುದು ಮಳೆಗಾಲದಲ್ಲಿ. ಮಳೆಗಾಲದಲ್ಲಿ ಬಿಸಿಲು ಎಲ್ಲಿಯದು? ನೀರಿಲ್ಲದಾಗ ತೆಗೆದು, ನೀರನ್ನು ಬೇರೆಯಾಗಿ ಜೋಡಿಸೋಣ ಎಂದು ಛಾಯಾಗ್ರಾಹಕ ಕೈಮುಗಿದು ಹೇಳಿದ. ನಾನು ಕೇಳಲಿಲ್ಲ. ಗಂಡ ಬಿಟ್ಟ ರಾಣಿ ಬಂಡೆಯ ಅಂಚಿಗೆ ಬಂದು ನಿಂತು ನೀರನ್ನು ನೋಡಬೇಕು, ಅಷ್ಟೇ ದೃಶ್ಯ. ಧಬಧಬೆಯ ಸದ್ದಿನಲ್ಲಿ ಮಾತು ಹಿಡಿಯುವಂತಿರಲಿಲ್ಲ, ಆದ್ದರಿಂದ ಮಾತಿರಲಿಲ್ಲ. ಎಲ್ಲವೂ ನಿಮ್ಮ ಮುಖದಲ್ಲಿ ಆಗಬೇಕಿತ್ತು. ಮೋಡ ಸರಿಯುವುದನ್ನು ಕಾಯುತ್ತ ನೀವು ರಾಣಿಯ ವೇಷದಲ್ಲೇ ಕೊಡೆ ಹಿಡಿದು ಕೂತಿರುತ್ತಿದ್ದಿರಿ. ಅಲ್ಲಿನ ನೂಲಿನ ಗಿರಣಿಯ ಹೆಣ್ಣುಮಕ್ಕಳು ಪಾಳಿ ಬಿಟ್ಟು ಬರುವಾಗ ನಿಂತು ನಿಮ್ಮನ್ನು ನೋಡಿ ನಗುತ್ತಿದ್ದರು, ನೀವೂ ನಗುತ್ತಿದ್ದಿರಿ.

ಅಂಥ ಒಂದು ಬೆಳಿಗ್ಗೆ ನಿಮ್ಮ ರಾಚಪ್ಪ ಕಾಕಾ ಬಂದರು. ನಿಮ್ಮೂರು ಮೂಡಲಗಿಯಿಂದ ಗೋಕಾಕ ಪೇಟೆಗೆ ಬೆಲ್ಲದ ಗಾಡಿ ಹೊಡೆದುಕೊಂಡು ಬಂದವರು ಅಲ್ಲಿಂದ ಹುಡುಕಿಕೊಂಡು ಬಂದಿದ್ದರು. ಬಣ್ಣ ಹಚ್ಚಿಕೊಂಡ ನಿಮ್ಮನ್ನು ನೋಡಲು ಅವರಿಗೆ ಮನಸ್ಸಾಗಲಿಲ್ಲ. ದೂರದಲ್ಲೇ ನಿಂತು ನನ್ನನ್ನು ಕರೆದರು.

"ನೀಲವ್ವನ ಅವ್ವಗ ಭಾಳ ಆರಾಮಿಲ್ರಿ. ಒಮ್ಮೆ ಬಂದು ಮಾರಿ ತೋರಿಸಿ ಹೋಗು ಅಂದಾಳ. ಇಷ್ಟ ಹೇಳ್ರಿ ಸಾಕು" ಎಂದವರೇ ಗಾಡಿಯ ಕಡೆ ನಡೆದುಬಿಟ್ಟರು.

ಇದನ್ನು ನಾನು ನಿಮಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅಷ್ಟರ ಮಟ್ಟಿಗೆ — ಇಲ್ಲ, ಅದನ್ನೂ ನನ್ನ ಲೆಕ್ಕಕ್ಕೆ ಹಾಕಿಕೊಳ್ಳಲಾರೆ. ನಿಮ್ಮ ಅವ್ವ ಎಂಥವರೆಂದು ನೀವೇ ಎಷ್ಟೋ ಸಲ ನನ್ನೆದುರು ಹೇಳಿದ್ದಿರಿ. ಕಂಪನಿ ಸೇರಲು ಹೊರಟ ದಿನ, "ಈ ಹೊಸ್ತಲಾ ದಾಟಿದ್ರ ತಿರುಗಿ ಬರಬ್ಯಾಡ" ಎಂದಿದ್ದರಂತೆ. ಅಂದಿನಿಂದ ಅವರಿಂದ ಒಂದು ಮಾತು ಬಂದಿರಲಿಲ್ಲ. ಅಂಥವರು ತಾವಾಗಿ ಕರೆದಿದ್ದರು. ನೀವು ಕೊಡೆ ಕೆಳಗಿಟ್ಟು ನನ್ನ ಹತ್ತಿರ ಬಂದಿರಿ.

"ಮಾಸ್ತರ, ಈಗ ಬಿಟ್ಟು ಹೋದ್ರ ನಿಮ್ಮ ಕೆಲಸ ಹಾಳಾಗ್ತೈತಿ. ಇದೊಂದು ಮುಗಿಸಿ ಹೋಗ್ತೇನಿ. ಆದ್ರ ಈಗಿಂದೀಗ ಒಬ್ಬರನ್ನ ಓಡಸ್ರಿ. ನೀಲವ್ವ ಬರಾಕತ್ತಾಳ, ಹಾದಿ ಕಾಯ್ ಅಂದಾಳ ಅಂತ ಹೇಳಿ ಬರ್ಲಿ."

ನನ್ನ ಕೆಲಸ ಹಾಳಾಗಬಾರದೆಂದು ನೀವು ನಿಂತಿರಿ. ಇದನ್ನು ನೆನೆದರೆ ಈಗಲೂ ನಾಚಿಕೆಯಿಂದ ತಲೆ ತಗ್ಗುತ್ತದೆ.

ನಮ್ಮಲ್ಲಿ ಸೈಕಲ್ ಇದ್ದದ್ದು ಇಮಾಮಸಾಬನ ಹತ್ತಿರ. ಬೆಳಕು ತಿರುಗಿಸುವ ತಗಡಿನ ಹಲಗೆ ಹಿಡಿಯುವವನೂ ಅವನೇ. ಬಿಸಿಲು ಜರುಗಿದ ಹಾಗೆ ಹಲಗೆಯನ್ನು ಕೂದಲೆಳೆಯಷ್ಟು ವಾಲಿಸಿ ನಟರ ಮುಖಕ್ಕೆ ಬೆಳಕು ಬಿಡುವುದು ಬೇರೆ ಯಾರಿಗೂ ಅಷ್ಟು ಸಿದ್ಧಿಸಿರಲಿಲ್ಲ. ನಿಮ್ಮೆದುರಿಗೇ ಅವನನ್ನು ಕಳಿಸಿದೆ. ಅವನು ಸೈಕಲ್ ಹತ್ತಿ ತಿರುವಿನಾಚೆ ಮರೆಯಾದದ್ದನ್ನು ನೀವು ನೋಡಿದಿರಿ. ಆಗಲೇ ಮೋಡ ಒಡೆಯಿತು — ನಾವು ಅಷ್ಟು ದಿನ ಬಾಯಿ ಬಿಟ್ಟುಕೊಂಡು ಕಾದ ಬಿಸಿಲು! ನನಗೆ ಏನಾಯಿತೋ — ಏನಾಯಿತೋ ಎಂದರೆ ಅದೂ ಸುಳ್ಳು. ನನಗೆ ಚೆನ್ನಾಗಿ ಗೊತ್ತಿತ್ತು. ನಾನೇ ಬೆನ್ನಟ್ಟಿ ಓಡಿ ಅವನನ್ನು ನಿಲ್ಲಿಸಿದೆ.

"ನಾಳೆ ಹೋಗುವಂತಿ. ಈಗ ಹಲಗಿ ಹಿಡಿ."

"ಅಕ್ಕಾರ ಅವ್ವಗ ಆರಾಮಿಲ್ರಿ, ಮಾಸ್ತರ."

"ಹಲಗಿ ಹಿಡಿ ಅಂದೆ."

ಅವನನ್ನು ಹಿಂದಿನಿಂದ ಸುತ್ತಿಸಿ ಎದುರು ಬಂಡೆಗೆ ಕಳಿಸಿದೆ. ತಗಡಿನ ಹಿಂದೆ ನಿಂತವನ ಮುಖ ಕಾಣುವುದಿಲ್ಲ. ಎದುರಿದ್ದವರಿಗೆ ಕಣ್ಣು ಕುಕ್ಕುವ ಬೆಳಕಷ್ಟೇ ಕಾಣುತ್ತದೆ. ನೀವು ಅಂಚಿಗೆ ಬಂದು ನಿಂತಿರಿ. ನೀರನ್ನು ನೋಡಿ ಎಂದು ನಾನು ಕಿರುಚಿ ಕಿರುಚಿ ಹೇಳಿದ್ದೆ. ನೀವು ನೀರನ್ನು ನೋಡಲಿಲ್ಲ. ಮುಖ ನಿಧಾನಕ್ಕೆ ಹೊರಳಿತು, ಕಣ್ಣು ದಾರಿಯ ಕಡೆ ಹೋಯಿತು, ಅಲ್ಲಿಯೇ ನಿಂತಿತು. ಯಾವ ದೃಶ್ಯವನ್ನೂ ಒಂದೇ ಸಲಕ್ಕೆ ಒಪ್ಪಿ ಗೊತ್ತಿಲ್ಲದ ನಾನು ಅದನ್ನು ಒಪ್ಪಿದೆ.

ಆ ನೋಟವನ್ನು ಜನ ಎಷ್ಟು ಹೊಗಳಿದರು! ಸಾಯಲು ಬಂದ ಹೆಣ್ಣು ನೀರು ಬಿಟ್ಟು ದಾರಿಯನ್ನು ನೋಡುವಂತೆ ಮಾಡಿದ್ದು ನನ್ನ ಕಲ್ಪನೆಯಂತೆ. ಹೂವಿನ ಹಾರ ಹಾಕಿದರು, ನಾನು ಕೊರಳು ಚಾಚಿದೆ. ಆಮೇಲೆ ತೆಗೆದ ಚಿತ್ರಗಳೆಲ್ಲ ಬಿದ್ದವು. ಇಂದಿಗೂ ನನ್ನ ಹೆಸರು ಹೇಳುವವರು ಅದೊಂದನ್ನೇ ಹೇಳುತ್ತಾರೆ. ನೀವು ಅಂದು ಸೈಕಲ್ಲಿನ ಹಾದಿ ಕಾಯುತ್ತಿದ್ದಿರಿ, ನೀಲಾಬಾಯಿ. ಸೈಕಲ್ಲಿನವನು ನಿಮ್ಮ ಮುಖಕ್ಕೆ ಬೆಳಕು ಹಿಡಿದು ನಿಂತಿದ್ದ.

ಸಂಜೆ ಬಣ್ಣ ಒರೆಸಿಕೊಳ್ಳದೆ ಓಡಿ ಬಂದಿರಿ. "ಅವ್ವ ಏನಂದ್ಳಂತ್ರಿ?" ಎಂದಿರಿ.

ಆಗಲಾದರೂ ಹೇಳಬಹುದಿತ್ತು. ಅದೇ ಸಂಜೆ ಗಾಡಿ ಕಟ್ಟಿಸಬಹುದಿತ್ತು. ಆದರೆ ಹಾಡಿನ ಒಂದೆರಡು ತುಣುಕು ಉಳಿದಿತ್ತು, ಆಕಾಶ ಇನ್ನೂ ತಿಳಿಯಾಗಿತ್ತು. ಹೆಚ್ಚು ಹೇಳಿದರೆ ಸಿಕ್ಕಿಬೀಳುತ್ತೇನೆಂದು ಎಲ್ಲಕ್ಕಿಂತ ಸಣ್ಣ ಸುಳ್ಳನ್ನು ಆರಿಸಿಕೊಂಡೆ.

"ಕೇಳಿಸಿಕೊಂಡ್ರಂತ. ಏನೂ ಅನ್ನಲಿಲ್ಲಂತ."

ನೀವು ಅಳಲಿಲ್ಲ. "ಅನ್ನಾಕಿ ಅಲ್ರಿ ಅಕಿ. ಮಂದಿ ಬಾಯಿಗೆ ಅಂಜಿ ಕರದಿರಬೇಕು" ಎಂದಿರಿ. ಉಳಿದ ತುಣುಕು ಮುಗಿದ ಮೇಲೂ ನೀವು ಹೊರಡಲಿಲ್ಲ. ಮಾತಿಲ್ಲದವಳ ಮುಂದೆ ಯಾವ ಮುಖ ಹೊತ್ತು ನಿಲ್ಲಲಿ ಎಂದಿರಿ. ನಾನು ಒತ್ತಾಯ ಮಾಡಲಿಲ್ಲ. ನೀವು ಹೋದರೆ ನನ್ನ ಸುಳ್ಳು ಬಯಲಾಗುತ್ತಿತ್ತಲ್ಲ. ನಿಮ್ಮ ಅವ್ವನ ಸಾವಿನ ಸುದ್ದಿ ಬಂದಾಗ ಮಣ್ಣು ಮಾಡಿ ಆಗಿತ್ತು. ಆ ಚಿತ್ರ ಮುಗಿದದ್ದೇ ನೀವು ಬಣ್ಣ ಬಿಟ್ಟು ಹುಕ್ಕೇರಿಗೆ ಹೋಗಿ ಮಕ್ಕಳಿಗೆ ಹಾಡು ಕಲಿಸುತ್ತ ಕೂತಿರಿ. ಮೂಡಲಗಿಯ ಕಡೆ ಮತ್ತೆ ಹೋಗಲಿಲ್ಲವೆಂದು ಕೇಳಿದ್ದೇನೆ. ಬಾಯಿ ಬಿಡಬೇಡವೆಂದು ನಾನು ತಾಕೀತು ಮಾಡಿದ್ದ ಇಮಾಮಸಾಬನೂ ಕೆಲಸ ಬಿಟ್ಟ. ಬಿಡುವಾಗ ನನ್ನ ಮುಖ ನೋಡಲಿಲ್ಲ.

ಇಷ್ಟೇ ಆಗಿದ್ದರೆ ಇದನ್ನು ನನ್ನ ಜೊತೆಗೇ ಒಯ್ಯುತ್ತಿದ್ದೆನೋ ಏನೋ. ಆದರೆ ಕಳೆದ ಸುಗ್ಗಿಯ ಹೊತ್ತಿಗೆ ಗೋಕಾಕ ಪೇಟೆಯಲ್ಲಿ ಒಬ್ಬ ಮುದುಕ ನನ್ನನ್ನು ತಡೆದ. ರಾಚಪ್ಪ ಕಾಕಾ.

"ಶಿನಿಮಾ ಮಾಸ್ತರ ಹೌದಲ್ರಿ? ಅವತ್ತು ನೀಲವ್ವಗ ಹೇಳಿದ್ರೇನ್ರಿ?"

"ಹೇಳಿದ್ದೆ" ಎಂದೆ. ಅದು ಸುಳ್ಳಲ್ಲ, ಅದರಷ್ಟು ನೀಚ ಮಾತನ್ನೂ ನಾನು ಆಡಿಲ್ಲ.

"ಹಂಗಾರ ನಮ್ಮ ವೈನಿ, ನೀಲವ್ವನ ಅವ್ವ, ಅಂದದ್ದು ಸುಳ್ಳಾತು ಬಿಡ್ರಿ. ಹಾಸಿಗಿ ಕಟ್ಟಿಮ್ಯಾಲ ಹಾಕಸ್ಕೊಂಡು ಹಾದಿ ನೋಡಾಕತ್ತಿದ್ಳು. ನಾವೆಲ್ಲಾ ನೀಲವ್ವಗ ಬೈದ್ರ ನಮಗಽ ಬೈತಿದ್ಳು. 'ಅಕಿಗೆ ಸುದ್ದಿ ಮುಟ್ಟಿಲ್ಲೋ, ರಾಚಪ್ಪ. ಮುಟ್ಟಿದ್ರ ನನ್ನ ಮಗಳು ಬರದಽ ಇರಾಕಿ ಅಲ್ಲ' ಅಂತಿದ್ಳು. ಕಡೀತನಕಾ ಅದನ್ನಽ ಅಂದ್ಳು."

ಅವರು ತಲೆ ಅಲ್ಲಾಡಿಸುತ್ತ ಹೋದರು. ನಾನು ಕೂಗಿ ಕರೆಯಲಿಲ್ಲ. ಅಲ್ಲಿಂದ ಇಲ್ಲಿಯವರೆಗೆ ಈ ಮಾತನ್ನೂ ನನ್ನ ಹತ್ತಿರವೇ ಇಟ್ಟುಕೊಂಡೆ. ಹುಕ್ಕೇರಿ ಏನು ಸಪ್ತಸಮುದ್ರದಾಚೆ ಇದೆಯೇ?

ಕ್ಷಮಿಸಿ ಎಂದು ಬರೆಯಲು ಹೊರಟು ನಿಲ್ಲಿಸಿದ್ದೇನೆ. ನಿಮ್ಮಿಂದ ಇನ್ನೂ ಒಂದನ್ನು ಕೇಳಿ ಪಡೆಯುವ ಹಕ್ಕು ನನಗಿಲ್ಲ. ಇದನ್ನು ಅಂಚೆಗೆ ಹಾಕುವುದೂ ಇಲ್ಲ. ಎದುರಿಗೆ ನಿಂತಾಗ ಬಾಯಿ ಮತ್ತೆ ಜಾರಿಕೊಳ್ಳಬಾರದೆಂದು ಬರೆದೆ. ನಾಳೆ ಮುಂಜಾನೆಯ ಮೋಟಾರಿಗೆ ಹುಕ್ಕೇರಿಗೆ ಬರುತ್ತೇನೆ. ಮೂಡಲಗಿಗೆ ಹೋಗಿ ರಾಚಪ್ಪ ಕಾಕಾಗೂ ನಿಜ ಹೇಳುವುದಿದೆ. ಆದರೆ ಮೊದಲು ನಿಮಗೆ. ಬಾಗಿಲು ತೆರೆದ ಕೂಡಲೇ ಬೈಯಿರಿ, ಉಗಿಯಿರಿ, ಅಟ್ಟಿರಿ. ಅಟ್ಟುವ ಮೊದಲು ಅಂದು ಸಂಜೆ ಕೇಳಿದ್ದನ್ನು ಇನ್ನೊಮ್ಮೆ ಕೇಳಿ. ಅವ್ವ ಏನಂದ್ಳು ಅಂತ ಕೇಳಿ, ನೀಲವ್ವ. ಈ ಸಲ ಅವರು ಅಂದದ್ದನ್ನೇ ಹೇಳುತ್ತೇನೆ.